ಹುಂಜ ಹಿಡಿದು ಹೊರಟ ಅಳಿಯ

ಬಾಳೆಕಾಯಿ ಸರಿಯಾಗಿ ಬೆಂದಿಲ್ಲ ಎಂದು ಕವೇಸಾ ಒಂದು ಮಾತು ಆಡಿದ್ದ. ಅಷ್ಟಕ್ಕೇ ನಬ್ಬೋಸಾ ಗಂಟುಮೂಟೆ ಕಟ್ಟಿ ತವರು ಸೇರಿದಳು. ತಾನೇ ಬೇಯಿಸಿಕೊಂಡು ತಿಂದ ಮೇಲೆ ಅವನಿಗೆ ಬುದ್ಧಿ ಬಂತು. ಭಾನುವಾರ ಬೆಳಿಗ್ಗೆ ಬಿಳಿಯ ನಿಲುವಂಗಿ, ಮೇಲೊಂದು ಕೋಟು ತೊಟ್ಟು, ಮಾವನಿಗೆಂದು ಕೆಂಪು ಹುಂಜ ಅವಚಿಕೊಂಡು, ಕಂಪಾಲಾದ ನಿಲ್ದಾಣದಲ್ಲಿ ಅವಳ ತವರೂರು ಮಿತ್ಯಾನದ ವ್ಯಾನು ಹತ್ತಿದ.

ತುಂಬದೆ ವ್ಯಾನು ಹೊರಡದು. ಉಳಿದಿದ್ದ ಒಂದೇ ಸೀಟು ಅವನ ಪಕ್ಕದ್ದು. ಏದುಸಿರು ಬಿಡುತ್ತ ಅಲ್ಲಿಗೆ ಬಂದವಳು ಸಾಕ್ಷಾತ್ ಅವನ ಅತ್ತೆ! ಅತ್ತೆಯ ಬಟ್ಟೆಯ ಅಂಚು ತಾಗಿದರೂ ಅಳಿಯನಿಗೆ ನಡುಕದ ರೋಗ ಹಿಡಿಯುತ್ತದೆಂದು ಅವನ ಅಜ್ಜಿ ಹೇಳಿದ್ದಳು. ತಾಗುವ ಮೊದಲೇ ಅವನಿಗೆ ನಡುಕ ಹತ್ತಿತು. ಕಿಟಕಿಗೆ ಕಾಲು ಹಾಕಿದ.

"ದೆವ್ವ ಕಂಡಂಗೆ ಯಾಕಯ್ಯಾ ಹಾರ್ತೀಯ? ನಿನ್ನ ಹುಂಜ ನನ್ನ ಮುಖ ಪರಚ್ತಿದೆ!" ಎಂದಳು ಹಿಂದಿನ ಸೀಟಿನ ಹೆಂಗಸು.

"ನನ್ನ ಅತ್ತೆ ಕಣಮ್ಮಾ!"

"ಅಯ್ಯೋ ಪಾಪ! ದೂಡ್ರೋ, ಬೇಗ ದೂಡ್ರೋ!"

ವ್ಯಾನಿಗೆ ವ್ಯಾನೇ ಸೇರಿ ಅವನನ್ನು ಮೂಟೆಯಂತೆ ಹೊರಕ್ಕೆ ದಬ್ಬಿತು. ಅತ್ತೆ ಮುಖ ಮುಚ್ಚಿಕೊಂಡೇ, "ಒಂದ್ ನಿಮಿಷ ನಿಲ್ಲೋಕೆ ಹೇಳ್ರಪ್ಪಾ ಅವನಿಗೆ!" ಎಂದು ಕೂಗಿದಳು. ನಿಲ್ಲುವ ಧೈರ್ಯ ಯಾವ ಅಳಿಯನಿಗಿದೆ? ಕವೇಸಾ ಓಡಿ ಬಾಡಿಗೆಯ ಬೈಕೊಂದರ ಬೆನ್ನೇರಿದ.

ಊರು ಮುಟ್ಟುವಾಗ ನಿಲುವಂಗಿ ದಾರಿಯ ಧೂಳಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಜಗಲಿಯಲ್ಲಿದ್ದ ಮಾವ ಕಣ್ಣರಳಿಸಿದ.

"ಬೆಳಗಿನ ಜಾವಾನೇ ನಬ್ಬೋಸಾನ ಅವಳಮ್ಮ ನಿನ್ನೂರಿಗೆ ಕರ್ಕೊಂಡು ಹೊರಟ್ಲಲ್ಲ! ಅಳಿಯನ ಮನೆಗೆ ನಾನು ಕಾಲಿಡೋ ಹಂಗಿಲ್ಲ, ನಿಲ್ದಾಣದಲ್ಲಿ ಇಳಿಸಿ ವಾಪಸ್ ಬರ್ತೀನಿ ಅಂದ್ಲು. ದಾರೀಲಿ ಸಿಗ್ಲಿಲ್ವಾ?"

ಸಿಕ್ಕಿದ್ದಳು. ತಿರುಗಿ ಓಡಹೊರಟವನನ್ನು ತಡೆದು ಮಾವ ಹುಂಜ ಇಸಿದುಕೊಂಡ.

ಮಧ್ಯಾಹ್ನ ಕಂಪಾಲಾದ ಮನೆಗೆ ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯ ಸೆಂತೊಂಗೊ ಮೆಟ್ಟಿಲ ಮೇಲೆ ಹಲ್ಲು ಕಿರಿಯುತ್ತ ಕೂತಿದ್ದ.

"ನಿನ್ನ ಹೆಂಡ್ತಿ ಬಂದಿದ್ಲು ಕಣೋ. ಎಲ್ಲಿಗೆ ಹೋದ ಅಂತ ಕೇಳಿದ್ಲು."

"ಏನಂದೆ ಮಾರಾಯಾ?"

"ಕಂಡಿದ್ದನ್ನೇ ಹೇಳ್ದೆ. ಮೈಮೇಲೆ ನಿಲುವಂಗಿ, ಕೋಟು, ಕೈಯಲ್ಲಿ ಹುಂಜ. ಹಂಗೆ ಹೊರಟ ಗಂಡಸು ಹೆಣ್ಣು ಕೇಳೋಕಲ್ದೆ ಇನ್ನೆಲ್ಲಿಗೆ ಹೋಗ್ತಾನೆ ಅಂದೆ. ಆಮೇಲೆ ತನ್ನ ಬೀಗದ ಕೈ ಕೊಟ್ಟು, ಹೊಸಬಳಿಗೆ ಕೊಡು ಅಂದು ಹೋದ್ಲು."

ಕವೇಸಾ ಕುಸಿದು ಕೂತ. ಒಂದು ನಿಮಿಷ. ಒಂದೇ ನಿಮಿಷ ನಿಂತಿದ್ದರೆ ಸಾಕಿತ್ತು. ಅತ್ತೆಯ ಕೂಗು ಇನ್ನೂ ಅವನ ಕಿವಿಯಲ್ಲೇ ಇತ್ತು.

ಸೆಂತೊಂಗೊ ಅವನ ಬೆನ್ನು ಸವರುತ್ತ ಬೆರಳು ನೆಕ್ಕಿದ.

"ನಿನಗೇಂತ ಬಾಳೆಕಾಯಿ ಬೇಯಿಸಿ ತಂದಿದ್ಲು. ಮನೇಲಿ ನೀನಿಲ್ವಲ್ಲ ಅಂತ ನಾನೇ ತಿಂದೆ. ಬೆಣ್ಣೆ ಹಂಗೆ ಬೆಂದಿತ್ತು ಕಣೋ."