ಸೈಕಲ್ಲಿನಿಂದ ಇಳಿಯದ ಭಾವ

ನಮ್ಮ ಭಾವನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ ಎಂದು ನಾನೇನಾದರೂ ಹೇಳಿದರೆ ಅಕ್ಕ ಇವತ್ತಿಗೂ ಸೌಟು ಹಿಡಿದು ಜಗಳಕ್ಕೆ ಬರುತ್ತಾಳೆ. ಆದ್ದರಿಂದ ನಾನು ಹಾಗೆ ಹೇಳುವುದಿಲ್ಲ. ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಇಳಿಯಲು ಮಾತ್ರ ಬರುತ್ತಿರಲಿಲ್ಲ! ಆ ಒಂದು ಕೊರತೆಯಿಂದ ನಮ್ಮ ಎರಡು ಮನೆಗಳ ನಡುವೆ ಎಂಥ ರಾಮಾಯಣವಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ಭಾವನ ಭಯವೇನೂ ನನಗಿಲ್ಲ. ಕೊಯಮತ್ತೂರಿನ ಹತ್ತಿರದ ಕಿಣತ್ತುಕಡವಿನ ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಆಡುವ ಬಾಯಿಗಳು ಮನೆ ತುಂಬ ಇದ್ದವು, ಕನ್ನಡ ಓದುವ ಕಣ್ಣು ಒಂದೂ ಇರಲಿಲ್ಲ. ಶಾಲೆಯಲ್ಲಿ ಎಲ್ಲರೂ ಕಲಿತದ್ದು ತಮಿಳು. ನಾನು ಮದುವೆಯಾಗಿ ಚಾಮರಾಜನಗರದ ಕಡೆ ಬಂದ ಮೇಲೆ ಅಕ್ಷರ ತಿದ್ದಿದವಳು. ಭಾವನ ಮಾನ ಹರಾಜು ಹಾಕಲು ಕನ್ನಡದಷ್ಟು ಕ್ಷೇಮವಾದ ಭಾಷೆ ನನಗೆ ಬೇರೆ ಸಿಕ್ಕಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಭಾವ ಕೈಮಗ್ಗದ ನೇಕಾರರು. ನೇಯ್ದ ಸೀರೆಗಳನ್ನು ಗಂಟು ಕಟ್ಟಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಬಿಗಿದು, ಕೊಯಮತ್ತೂರಿನ ಅಂಗಡಿಗೆ ಕೊಟ್ಟು ಬರುತ್ತಿದ್ದರು. ದಾರಿಯಲ್ಲಿ ಸಿಕ್ಕವರ ಜೊತೆ ಮಾತಾಡಿ, ಮಜ್ಜಿಗೆ ಕುಡಿದು, ಮರದ ನೆರಳಿನಲ್ಲಿ ಕೂತು ಸುಖವಾಗಿದ್ದ ಮನುಷ್ಯ. ಒಂದು ದಿನ ಕೊಯಮತ್ತೂರಿನ ಉಕ್ಕಡದ ಕೆರೆಯ ಪಕ್ಕ ಗಂಟಿನ ಸಮೇತ ಸಾವಕಾಶವಾಗಿ ಹೋಗುತ್ತಿದ್ದಾಗ ಸೂಲೂರು ಕಡೆಯ ಹುಡುಗರ ಗುಂಪೊಂದು ಹಿಂದಿನಿಂದ ಭರ್ರೆಂದು ಬಂತು. ಮಿಲ್ಲುಗಳಲ್ಲಿ ಕೆಲಸ ಮಾಡುತ್ತ, ರಜೆಯ ದಿನ ರೇಸಿಗೆ ತಯಾರಾಗುವ ಹುಡುಗರು. ಸೈಕಲ್ಲಿನ ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತಂತೆ. ಅವರಲ್ಲೊಬ್ಬ ಭಾವನ ಕಿವಿಯ ಹತ್ತಿರವೇ ಬಂದು, "ಪೆರುಸು, ಓರಮಾ ಪೋ!" ಎಂದು ಕೂಗಿಕೊಂಡು ಹೋದ. ಮುದುಕಪ್ಪಾ, ಪಕ್ಕಕ್ಕೆ ಸರಿ ಎಂದು! ಭಾವನಿಗೆ ಆಗಿನ್ನೂ ನಲವತ್ತು. ಮೀಸೆಗೆ ಎಣ್ಣೆ ಹಚ್ಚುವ ವಯಸ್ಸು. ಮನೆಗೆ ಬಂದವರೇ ಕನ್ನಡಿಯ ಮುಂದೆ ನಿಂತು ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ಮುಖ ನೋಡಿಕೊಂಡರು.

"ಅಪ್ಪನ ಕಾಲದಿಂದ ಮಗ್ಗದ ಗುಂಡೀಲಿ ಕಾಲಿಟ್ಕೊಂಡು ತುಳೀತಾನೇ ಇದೀವಿ. ತಾತನೂ ತುಳಿದ, ಮುತ್ತಾತನೂ ತುಳಿದ. ಯಾರಾದ್ರೂ ಒಂದಡಿ ಮುಂದಕ್ಕೆ ಹೋದ್ರಾ? ಈ ಕಾಲ್ಗಳಿಗೆ ನಾನು ರೋಡ್ ತೋರಿಸ್ತೀನಿ. ಆ ಸೂಲೂರು ಪೈಯನ್‌ಗಳಲ್ಲಿ ಒಬ್ಬನ್ನಾದ್ರೂ ಹಿಂದಕ್ಕೆ ಹಾಕ್ದೆ ಬಿಡಲ್ಲ!" ಎಂದು ಘೋಷಿಸಿದರು.

"ಸರಿಂಗ. ಮೊದ್ಲು ಉಂಡ್ಬಿಡಿ, ಸಾರು ಆರ್ತಾ ಅದೆ," ಎಂದಳು ಅಕ್ಕ.

ಮರುದಿನವೇ ಸೈಕಲ್ಲಿಗೆ ಶಸ್ತ್ರಚಿಕಿತ್ಸೆ ಶುರುವಾಯಿತು. ತೂಕ ಇಳಿಸಬೇಕಂತೆ. ಬೆಲ್ ಹೋಯಿತು, ಮಡ್‌ಗಾರ್ಡ್ ಹೋಯಿತು, ಚೈನ್ ಕವರ್ ಹೋಯಿತು, ಸ್ಟ್ಯಾಂಡೂ ಹೋಯಿತು. ಸ್ಟ್ಯಾಂಡಿಲ್ಲದ ಸೈಕಲ್ಲನ್ನು ಎಲ್ಲಿ ನಿಲ್ಲಿಸುವುದು? ಗೋಡೆಗೆ, ಮರಕ್ಕೆ, ಒಮ್ಮೆ ಪಕ್ಕದ ಮನೆಯ ಮಲಗಿದ್ದ ಹಸುವಿಗೂ ಒರಗಿಸಿದ್ದರು. ಹಸು ಎದ್ದು ಹೊರಟಾಗಲೇ ತಪ್ಪು ಗೊತ್ತಾದದ್ದು. ಬೆಲ್ ಬದಲು ಬಾಯಲ್ಲೇ "ಟ್ರಿಣ್ ಟ್ರಿಣ್" ಎನ್ನುತ್ತಿದ್ದರು. ಕೊನೆಗೆ ಕ್ಯಾರಿಯರನ್ನೂ ಬಿಚ್ಚಿಹಾಕಿದರು. ಹಾಗಾದರೆ ಸೀರೆ ಗಂಟು? ಗಂಟನ್ನು ತೆಗೆದುಕೊಂಡು ಅಕ್ಕ ಬಸ್ಸಿನಲ್ಲಿ ಹೋಗುವುದು, ಗಂಟಿಲ್ಲದ ಭಾವ ಸೈಕಲ್ಲಿನಲ್ಲಿ ಹೋಗುವುದು ಎಂದು ಏರ್ಪಾಡಾಯಿತು! ವ್ಯಾಪಾರ ಮುಗಿಸಿ ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತಿರುವಾಗ ಭಾವ ಏದುಸಿರು ಬಿಡುತ್ತ ಬಂದು, "ಇವತ್ತು ಹೆಂಗೆ? ಬೇಗ ಬಂದೆ ಅಲ್ವಾ?" ಎಂದು ಕೇಳುವರು. ಅಕ್ಕ, "ಬಸ್ಸೇ ಬೇಗ ಬಂದ್ಬಿಟ್ಟಿತು ಬಿಡಿ," ಎನ್ನುವಳು. ಗಂಡನನ್ನು ಹೀಗೆ ಕಾಪಾಡುವ ಹೆಂಗಸರು ಇರುವುದರಿಂದಲೇ ಗಂಡಸರು ಕೆಡುವುದು ಎಂದು ನನ್ನ ಖಚಿತ ಅಭಿಪ್ರಾಯ.

ಗಂಜಿಯ ಕಥೆ ಹೇಳದಿದ್ದರೆ ಪಾಪ ಬರುತ್ತದೆ. ಬನಿಯನ್ ಗಾಳಿಗೆ ಪಟಪಟ ಎಂದು ಹಾರಾಡಿ ವೇಗ ತಗ್ಗಿಸುತ್ತದೆ ಎಂದು ಭಾವನಿಗೆ ಯಾರೋ ಹೇಳಿದ್ದರು. ನೇಕಾರನ ತಲೆ ಎಲ್ಲಿಗೆ ಓಡುತ್ತದೆ? ಗಂಜಿಗೆ! ನೂಲಿಗೆ ಹಚ್ಚಲು ಕಾಸಿಟ್ಟಿದ್ದ ಗಟ್ಟಿ ಗಂಜಿಯಲ್ಲಿ ಬನಿಯನ್ನು ಅದ್ದಿ ಒಣಗಿಸಿದರು. ಅದು ಹಪ್ಪಳದ ಹಾಗೆ ಸೆಟೆದು ನಿಂತಿತು. ತೊಟ್ಟುಕೊಂಡು ಜಂಬದಿಂದ ಹೊರಟರು. ಅರ್ಧ ದಾರಿಗೆ ಬೆವರು ಬಂತು. ಬೆವರಿಗೆ ಗಂಜಿ ಕರಗಿತು. ಉಕ್ಕಡ ಮುಟ್ಟುವಷ್ಟರಲ್ಲಿ ಭಾವ ಅಂಟು ಬಳಿದ ಗೋಡೆಯಾಗಿದ್ದರು. ಮುಂದೆ ಏನಿದೆ? ಮೀನು ಮಾರುಕಟ್ಟೆ! ಅಲ್ಲಿನ ನೊಣಗಳೆಲ್ಲ ಮೀನು ಬಿಟ್ಟು ನಮ್ಮ ಸಸ್ಯಾಹಾರಿ ಭಾವನನ್ನು ಹಿಡಿದುಕೊಂಡವು. ಮನೆಗೆ ಬರುವ ಹೊತ್ತಿಗೆ ಗಂಜಿ ಮತ್ತೆ ಒಣಗಿ, ಬನಿಯನ್ನೂ ಭಾವನೂ ಒಂದೇ ಆಗಿಹೋಗಿದ್ದರು. ಅಕ್ಕ ಬಿಸಿನೀರು ಹುಯ್ದು, ಕತ್ತರಿ ಹಿಡಿದು ಅವರನ್ನು ಬೇರೆ ಮಾಡಿದಳು.

ಇನ್ನು ನಮ್ಮ ಪಕ್ಷದ ವಿಷಯ. ನಾನು ಅದೇ ಕೊಯಮತ್ತೂರು ದಾರಿಯಲ್ಲಿದ್ದ ನೂಲಿನ ಮಿಲ್ಲೊಂದರ ಆಫೀಸಿನಲ್ಲಿ ಟೈಪ್ ಹೊಡೆಯುತ್ತಿದ್ದೆ. ಗೆಳತಿ ಸರೋಜಳಿಗೂ ಅಲ್ಲೇ ಕೆಲಸ. ಇಬ್ಬರೂ ಲೇಡೀಸ್ ಸೈಕಲ್ಲಿನಲ್ಲಿ ಅಕ್ಕಪಕ್ಕ, ಊಟದ ಡಬ್ಬಿ ನೇತುಹಾಕಿಕೊಂಡು, ಲೋಕಾಭಿರಾಮ ಮಾತಾಡುತ್ತ ಹೋಗುವವರು. ಭಾವ ಹಿಂದಿನಿಂದ ತಲೆ ಬಗ್ಗಿಸಿಕೊಂಡು, "ಟ್ರಿಣ್ ಟ್ರಿಣ್, ಓರಂ ಓರಂ!" ಎನ್ನುತ್ತ ನಮ್ಮನ್ನು ದಾಟುವರು. ಸ್ವಲ್ಪ ಮುಂದೆ ಹೋದರೆ ಹುಣಸೆಮರದ ಕೆಳಗೆ ಮಂಡಿ ಹಿಡಿದುಕೊಂಡು ನಿಂತಿರುವರು. ನಾವು ದಾಟುವೆವು. ಮತ್ತೆ ಅವರು, ಮತ್ತೆ ಇನ್ನೊಂದು ಹುಣಸೆಮರ. ಆ ರಸ್ತೆಯಲ್ಲಿ ಹುಣಸೆಮರಗಳಿಗೇನು ಬರವೇ?

"ಸುಸ್ತಾಯ್ತಾ ಭಾವ?" ಎಂದರೆ, "ಸುಸ್ತಲ್ಲ ಅಮ್ಮಣಿ, ಟ್ರೈನಿಂಗ್‌ನಲ್ಲಿ ಇದೂ ಒಂದು ಪಾಠ," ಎನ್ನುವರು. "ನೀವಿಬ್ರೂ ಹೊಡೆಯೋದು ಸೈಕಲ್ ಅಲ್ಲ, ಹರಟೆ."

"ಹರಟೆ ಹೊಡ್ಕೊಂಡೇ ನಿಮ್ಮನ್ನ ದಾಟ್ತಾ ಇದೀವಿ. ಬಾಯಿ ಮುಚ್ಕೊಂಡು ಹೊಡೆದ್ರೆ ನಿಮ್ಮ ಗತಿ ಏನು ಭಾವ?"

ಭಾವ ಮತ್ತೆ ಮಂಡಿ ಹಿಡಿದುಕೊಳ್ಳುವರು. ಉತ್ತರಕ್ಕೂ ಉಸಿರು ಬೇಕಲ್ಲ!

ಇಲ್ಲಿಯವರೆಗೆ ಎಲ್ಲವೂ ತಮಾಷೆಯೇ. ಆದರೆ ನಮ್ಮವರಲ್ಲಿ ಒಂದು ಪದ್ಧತಿ ಇತ್ತು. ಸೈಕಲ್ಲಿನಲ್ಲಿ ಹೋಗುವಾಗ ಹಿರಿಯರು ಎದುರಾದರೆ ಇಳಿಯಬೇಕು. ಇಳಿದು, ನಾಲ್ಕು ಹೆಜ್ಜೆ ಸೈಕಲ್ ತಳ್ಳಿಕೊಂಡು ನಡೆದು, "ಕಾಫಿ ಆಯ್ತಾ?" ಎಂದು ಕೇಳಿ, ಅವರು ಹೂಂ ಎಂದ ಮೇಲೆ ಹತ್ತಬೇಕು. ಮಾವನಾದರಂತೂ ಕೇಳಲೇಬೇಡಿ. ನಮ್ಮ ಅಪ್ಪ, ಅಂದರೆ ಭಾವನ ಮಾವ, ಬೀದಿಗೆಲ್ಲ ಹಿರಿಯರು. ದಿನಾ ಬೆಳಿಗ್ಗೆ ಹೆದ್ದಾರಿಯ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಊರಿನ ಸೈಕಲ್ಲುಗಳನ್ನೆಲ್ಲ ಇಳಿಸುವುದೇ ಅವರ ಕೆಲಸ. ಭಾವನ ಟ್ರೈನಿಂಗ್ ರಸ್ತೆಯೂ ಅದೇ!

ಮೊದಲ ದಿನ ಭಾವ ಇಳಿಯದೆ ಸರ್ರನೆ ಹೋದಾಗ ಅಪ್ಪನ ಲೋಟ ತುಟಿಯ ಹತ್ತಿರವೇ ನಿಂತಿತು. "ಮಾಪಿಳ್ಳೆಗೆ ಕಣ್ಣು ಮಂದ ಆಯ್ತೇನೋ, ಪಾಪ," ಎಂದು ಅಳಿಯನಿಗಾಗಿ ಮರುಗಿದರು. ಮರುದಿನವೂ ಹಾಗೇ ಆದಾಗ, ಮಂದವಾದದ್ದು ಕಣ್ಣಲ್ಲ ಎಂದು ತೀರ್ಮಾನಿಸಿದರು. ಸುದ್ದಿ ಕೇಳಿ ಭಾವನಿಗೂ ಕಸಿವಿಸಿಯಾಯಿತು. ಇಳಿದರೆ ಓಟ ಕೆಡುತ್ತದೆ, ಇಳಿಯದಿದ್ದರೆ ಸಂಬಂಧ ಕೆಡುತ್ತದೆ. ಒಂದು ಕೈ ಎತ್ತಿ ನಮಸ್ಕಾರ ಮಾಡಿ ನೋಡಿದರು. ಸೈಕಲ್ ಓಲಾಡಿ ಹುಲ್ಲಿನ ಗಾಡಿಗೆ ನುಗ್ಗಿತು. ಆಮೇಲೆ ಒಂದು ಕಾಲನ್ನು ಹಿಂದಿನಿಂದ ಎತ್ತಿ, ಇಳಿಯುವವರಂತೆ ಒಂದೇ ಪೆಡಲಿನ ಮೇಲೆ ನಿಂತು ಅಪ್ಪನನ್ನು ದಾಟಿ, ಮತ್ತೆ ಸೀಟಿಗೆ ಏರಿದರು. "ಅರ್ಧ ಇಳಿದೆನಲ್ಲ!" ಎಂದು ಅವರ ವಾದ.

"ಅರ್ಧ ಮರ್ಯಾದೆ ನಂಗ್ ಬ್ಯಾಡ. ಅದನ್ನೂ ಅವ್ರೇ ಮಡಿಕ್ಕಳ್ಳಲಿ," ಎಂದು ಅಪ್ಪ ಹೇಳಿ ಕಳಿಸಿದರು.

ಹೇಳಿ ಕಳಿಸಿದ್ದು ನನ್ನ ಮೂಲಕ. ಭಾವನ ಮನೆ ನಮ್ಮಿಂದ ಎರಡೇ ಬೀದಿ ಆಚೆ. ನಾನು ದಿನಾ ಎರಡೂ ಕಡೆಯ ಬೈಗುಳ ಸಾಗಿಸುವ ಅಂಚೆಯವಳಾದೆ. ದೀಪಾವಳಿ ಬಂತು. ಅಳಿಯ ಮಗಳನ್ನು ಅಪ್ಪ ತಾವೇ ಹೋಗಿ ಕರೆಯುವುದು ವಾಡಿಕೆ. ಈ ಸಲ ಹೋಗಲಿಲ್ಲ. "ಮಗಳು ಬರಲಿ," ಎಂದಷ್ಟೇ ನನ್ನ ಕೈಲಿ ಹೇಳಿಸಿದರು. ಅಕ್ಕ, "ಅವ್ರನ್ನ ಬಿಟ್ಟು ನಾನೊಬ್ಳೇ ಹೆಂಗೆ ಬರ್ಲಿ? ಬರಲ್ಲಾಂತ ಹೇಳು," ಎಂದಳು. ನಮ್ಮ ಮನೆಯಲ್ಲಿ ಕರಿದ ಮುರುಕಿನ ವಾಸನೆ ಎರಡು ಬೀದಿ ದಾಟಿ ಹೋಯಿತು, ಅಕ್ಕ ದಾಟಿ ಬರಲಿಲ್ಲ. ಎಲ್ಲದಕ್ಕೂ ನಗುವ ನನಗೂ ಅವತ್ತು ನಗು ಬರಲಿಲ್ಲ. ಆ ದಿನದಿಂದ ಅಕ್ಕನಿಗೆ ತವರೇ ಇಲ್ಲದಂತಾಯಿತು.

ಪೊಂಗಲ್ ಸಮಯಕ್ಕೆ ಮಿಲ್ಲು ಕೆಲಸಗಾರರ ಆಟೋಟಗಳಲ್ಲಿ ಸೈಕಲ್ ಪಂದ್ಯವೂ ಏರ್ಪಾಡಾಯಿತು. ಉಕ್ಕಡದಿಂದ ಹೊರಟು ಕಿಣತ್ತುಕಡವಿನಲ್ಲಿ ಮುಗಿತಾಯ, ಹೊರಗಿನವರೂ ಸೇರಬಹುದು. ಸೂಲೂರು ಹುಡುಗರೆಲ್ಲ ಸೇರಿದ್ದರು. ಭಾವನೂ ಸೇರಿದರು. "ಗೆಲ್ತೀರಾ ಭಾವ?" ಎಂದು ಕೇಳಿದೆ. "ಗೆಲ್ಲೋದು ಯಾರಿಗ್ ಬೇಕು ಅಮ್ಮಣಿ? ಒಬ್ಬ. ಅವ್ರಲ್ಲಿ ಒಬ್ಬ ನನ್ನ ಹಿಂದೆ ಬಂದ್ರೆ ಸಾಕು," ಎಂದರು. ಅವರ ದನಿಯಲ್ಲಿ ಜಂಬವಿರಲಿಲ್ಲ.

ಪಂದ್ಯದ ದಿನ ನಾನು, ಅಕ್ಕ, ಸರೋಜ ಮೂವರೂ ಟೀ ಅಂಗಡಿಯ ಎದುರಿಗೆ, ರಸ್ತೆಯ ಈ ಬದಿ ನಿಂತೆವು. ಮುಗಿತಾಯದ ಗೆರೆ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಆ ಬದಿಯ ಬೆಂಚಿನಲ್ಲಿ ಎಂದಿನಂತೆ ಅಪ್ಪ, ರಸ್ತೆಯ ಕಡೆಗೆ ಮುಖ ಮಾಡಿ. ಪಂದ್ಯಕ್ಕೂ ಅವರಿಗೂ ಏನೂ ಸಂಬಂಧವಿಲ್ಲ, ಬೆಂಚು ಅಲ್ಲಿದೆ ಎಂದು ಅವರೂ ಅಲ್ಲಿದ್ದಾರೆ, ಅಷ್ಟೆ! ಮುಂದಿನ ಹುಡುಗರು ಗುಂಪಾಗಿ ಹಾದುಹೋದರು. ಆಮೇಲೆ ಬಿಡಿಬಿಡಿಯಾಗಿ ಕೆಲವರು. ಆಮೇಲೆ ರಸ್ತೆ ಖಾಲಿ. ಅಕ್ಕ ಸೆರಗಿನ ತುದಿ ಕಚ್ಚಿಕೊಂಡಳು.

ಅಷ್ಟರಲ್ಲಿ ಸರೋಜ ಕಿರಿಚಿದಳು. ಭಾವ ಬರುತ್ತಿದ್ದರು! ಮುಖ ಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು. ಅವರ ಹಿಂದೆ, ಹೌದು, ಹಿಂದೆಯೇ, ಕಾಲಿನ ನರ ಹಿಡಿದುಕೊಂಡಿದ್ದ ಸೂಲೂರಿನ ಹುಡುಗನೊಬ್ಬ ಕುಂಟುತ್ತ ತುಳಿಯುತ್ತಿದ್ದ. ಟಗರಿನ ಕೊಂಬಿನ ಹ್ಯಾಂಡಲ್ಲಿನ ಅಸಲಿ ರೇಸ್ ಹುಡುಗ! ಅಷ್ಟು ದಿನ ಭಾವನನ್ನು ಗೇಲಿ ಮಾಡಿದ ನಾನೇ ನಾಚಿಕೆ ಬಿಟ್ಟು, "ತುಳೀರಿ ಭಾವ, ತುಳೀರಿ!" ಎಂದು ಕುಣಿದೆ.

ಟೀ ಅಂಗಡಿ ಬಂತು. ಅಪ್ಪ ಎದ್ದು ನಿಂತರು.

ಭಾವ ಬ್ರೇಕ್ ಹಿಡಿದರು. ಇಳಿದುಬಿಟ್ಟರು! ಅರ್ಧ ಅಲ್ಲ, ಪೂರ್ತಿ. ಎರಡೂ ಕಾಲು ನೆಲಕ್ಕಿಟ್ಟು, ಸೈಕಲ್ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತರು. ಹಿಂದಿದ್ದ ಹುಡುಗ ಅವರನ್ನು ದಾಟಿಕೊಂಡು ಹೋದ. ಅಕ್ಕ ಹಣೆ ಚಚ್ಚಿಕೊಂಡಳು.

"ಯಾಕ್ ಇಳಿದ್ರಿ ಮಾಪಿಳ್ಳೆ?" ಎಂದರು ಅಪ್ಪ. ಅಷ್ಟು ತಿಂಗಳ ಮೇಲೆ ಆಡಿದ ಮೊದಲ ಮಾತು.

ಭಾವನಿಗೆ ಉಸಿರು ಸಿಗುತ್ತಿರಲಿಲ್ಲ. "ನೀವ್ ಕೂತಿದ್ರೆ ಹೋಗ್ಬಿಡ್ತಿದ್ದೆ ಮಾವ. ನನ್ನ ಕಂಡು ಎದ್ ನಿಂತ್ರಿ. ಹಿರೇರು ನಿಂತಿರ್ವಾಗ ನಾನು ಸೀಟ್ ಮೇಲೆ ಕೂತು ಹೆಂಗೆ ಹೋಗ್ಲಿ?"

"ಅಯ್ಯೋ ಮಂಕೇ! ನೋಡಕೆ ನಿಂತೆ ಕಣಯ್ಯಾ! ಬೆಳಗ್ನಿಂದ ಇಲ್ಲಿ ಕಾದ್ಕೊಂಡಿರೋದು ಯಾತಕ್ಕೆ? ನೀನು ಹೋಗದು ಕಣ್ತುಂಬಾ ನೋಡ್ಬೇಕೂಂತ ನಿಂತೆ!" ಎಂದು ಅಪ್ಪ ಕೂಗಿದರು. ಅಳಿಯನಿಗೆ ಅವರು ನೀನು ಎಂದದ್ದು ಅದೇ ಮೊದಲು, ಅದೇ ಕೊನೆ. "ಹತ್ತು! ಹತ್ತಯ್ಯಾ!"

ಭಾವ ಹತ್ತಿದರು. ದಣಿದ ಕಾಲಿಗೆ ಪೆಡಲ್ ತಿರುಗಲಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿದರು, ಸೀಟಿನ ಹಿಂದೆ ಕೈಯಿಟ್ಟು ತಳ್ಳಿದರು. ಸೈಕಲ್ ಹೊರಟಿತು. ಅವರು ಕೈ ಬಿಡಲಿಲ್ಲ. ಅರವತ್ತು ದಾಟಿದ ಮನುಷ್ಯ, ಊರಿನ ಸೈಕಲ್ಲುಗಳನ್ನೆಲ್ಲ ಇಳಿಸಿದ ಹಿರಿಯ, ಅಳಿಯನ ಸೈಕಲ್ಲಿನ ಹಿಂದೆ ಹೆದ್ದಾರಿಯಲ್ಲಿ ಓಡಿದರು. ಒಂದು ಚಪ್ಪಲಿ ಕಳಚಿತು, ಆಮೇಲೆ ಇನ್ನೊಂದು. ತಿರುಗಿಯೂ ನೋಡಲಿಲ್ಲ. ಇಬ್ಬರೂ ಒಟ್ಟಿಗೆ ಗೆರೆ ದಾಟಿದರು, ಎಲ್ಲರಿಗಿಂತ ಕೊನೆಗೆ. ನಾನು ಎಷ್ಟೋ ಪಂದ್ಯ ನೋಡಿದ್ದೇನೆ, ಗೆದ್ದವರ ಮುಖ ಒಂದೂ ನೆನಪಿಲ್ಲ. ಅವತ್ತು ಸೋತ ಆ ಇಬ್ಬರನ್ನು ಮಾತ್ರ ಮರೆತಿಲ್ಲ.

ಅಕ್ಕ ರಸ್ತೆಗಿಳಿದು ಅಪ್ಪನ ಚಪ್ಪಲಿಗಳನ್ನು ಒಂದೊಂದಾಗಿ ಹೆಕ್ಕಿದಳು. ಸೆರಗಿನಿಂದ ಧೂಳು ಒರೆಸಿ ಎದೆಗೆ ಅವುಚಿಕೊಂಡು, ಗೆರೆಯ ಕಡೆಗೆ ಹೋಗದೆ ನೇರ ತವರುಮನೆಯ ದಾರಿ ಹಿಡಿದಳು.

"ಎಲ್ಲಿಗಕ್ಕಾ?" ಎಂದೆ.

"ಇಬ್ರೂ ಹಸ್ಕೊಂಡು ಬತ್ತಾರೆ ಕಣೇ, ಅನ್ನಕ್ಕಿಡ್ಬೇಕು," ಎಂದಳು.