ಕೂಗು ಎಣಿಸುವ ಕಂಪ್ಯೂಟರು

"ಇನ್ಮೇಲೆ ಈ ಮನೇಲಿ ಯಾರೂ ಕುಕ್ಕರ್ ವಿಷಲ್ ಎಣಿಸೋ ಹಾಗಿಲ್ಲ. ಅದನ್ನ ಕಂಪ್ಯೂಟರ್ ಎಣಿಸುತ್ತೆ" ಎಂದು ಮೃತ್ಯುಂಜಯ ಘೋಷಣೆ ಹೊರಡಿಸಿದ್ದು 2001ನೇ ಇಸವಿಯ ಒಂದು ಬೆಳಿಗ್ಗೆ, ಮುದ್ದೆಯಾಗಿ ಹೋದ ಅನ್ನದ ಎದುರು ಕೂತು.

ಅನ್ನ ಮುದ್ದೆಯಾದದ್ದಕ್ಕೂ ಅವನೇ ಕಾರಣ. ಹೆಂಡತಿ ಅಕ್ಷತಾ ಸ್ನಾನಕ್ಕೆ ಹೊರಟವಳು, "ರೀ, ಮೂರು ವಿಷಲ್ ಆದ್ಮೇಲೆ ಒಲೆ ಆರಿಸಿ" ಎಂದು ಹೇಳಿ ಹೋಗಿದ್ದಳು. ಇವನು ಕಂಪ್ಯೂಟರ್ ಪತ್ರಿಕೆಯಲ್ಲಿ ಮುಳುಗಿದ್ದ. ಕುಕ್ಕರು ಪಾಪ ತನ್ನ ಕರ್ತವ್ಯವನ್ನು ಆರು ಸಲ ಮಾಡಿತು. ಕೊನೆಗೆ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಬಸಮ್ಮ, "ಮೃತ್ಯುಂಜಯಪ್ಪಾ, ಆರಾಯ್ತು ಕಣಪ್ಪಾ, ಒಲೆ ಆರ್ಸು" ಎಂದು ಕೂಗಬೇಕಾಯಿತು. ಮೈಸೂರಿನ ಕೃಷ್ಣಮೂರ್ತಿಪುರಂನ ಆ ಬೀದಿಗೆಲ್ಲ ಕೇಳಿಸಿತು. ಮನೆಯಲ್ಲಿ ಪೆಂಟಿಯಂ ಕಂಪ್ಯೂಟರ್ ಇಟ್ಟುಕೊಂಡ ಗಂಡಸಿಗೆ ಇದಕ್ಕಿಂತ ಅವಮಾನ ಇನ್ನೇನು ಬೇಕು?

ಮೃತ್ಯುಂಜಯ ಕಡಕೊಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತ. ಆದರೆ ಅದು ಅವನ ಹೊಟ್ಟೆಪಾಡು ಮಾತ್ರ. ಅವನ ನಿಜವಾದ ಉದ್ಯೋಗವೆಂದರೆ ಅಭಿಪ್ರಾಯ. ಸಾಫ್ಟ್‌ವೇರು, ಕಾನೂನು, ವಿಜ್ಞಾನ, ಈ ಮೂರರಲ್ಲಿ ಅವನಿಗೆ ಅಭಿಪ್ರಾಯ ಇಲ್ಲದ ವಿಷಯವೇ ಇರಲಿಲ್ಲ. ಮೀಟರ್ ವಿಷಯದಲ್ಲಿ ಆಟೋದವನಿಗೆ ಕಾನೂನು ಹೇಳಿ, ನಡುದಾರಿಯಲ್ಲಿ ಇಳಿದು, ಸರಸ್ವತಿಪುರಂನಿಂದ ಮನೆತನಕ ನಡೆದುಬಂದ ದಿನಗಳು ಎಷ್ಟೋ. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಣ್ಣಗಾಗುವುದಿಲ್ಲ, ಬಿಸಿಯಾಗುತ್ತದೆ ಎಂದು ಸಾಧಿಸಲು ಒಮ್ಮೆ ಮೂರು ಗಂಟೆ ತೆರೆದಿಟ್ಟಿದ್ದ. ಅಂದು ಹೆಚ್ಚು ಬಿಸಿಯಾದದ್ದು ಕೋಣೆಯೋ ಅಕ್ಷತಾಳೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಈ ಸಲ ಮಾತ್ರ ಬರೀ ಹುಚ್ಚಲ್ಲ, ಅದರ ಹಿಂದೆ ಒಂದು ಆಸೆಯೂ ಇತ್ತು. ಕಾರ್ಖಾನೆಯಲ್ಲಿ ಹೊಸದಾಗಿ ಕಂಪ್ಯೂಟರ್ ಸೆಕ್ಷನ್ ತೆರೆಯುವವರಿದ್ದರು. ಅದರ ಉಸ್ತುವಾರಿ ಯಾರಿಗೆ ಎಂದು ಮ್ಯಾನೇಜರ್ ಷಡಕ್ಷರಿಯವರು ತೀರ್ಮಾನಿಸಬೇಕಿತ್ತು. ಅಕೌಂಟ್ಸಿನ ನಿರಂಜನ್ ಬಳಿ ಡಿಪ್ಲೊಮಾ ಇತ್ತು. ಮೃತ್ಯುಂಜಯನ ಬಳಿ ಹದಿನೆಂಟು ವರ್ಷ ನಟ್ಟು ಬೋಲ್ಟು ಎಣಿಸಿದ ಅನುಭವ ಬಿಟ್ಟರೆ ತೋರಿಸಲು ಏನೂ ಇರಲಿಲ್ಲ. ಏನಾದರೂ ಮಾಡಿ ತೋರಿಸಬೇಕು ಎಂಬ ಕಾತರದಲ್ಲಿ ಅವನಿಗೆ ಸರಿಯಾಗಿ ನಿದ್ದೆಯೂ ಬರುತ್ತಿರಲಿಲ್ಲ.

ಹದಿನೈದು ದಿನದ ತಪಸ್ಸಿನಲ್ಲಿ ಯಂತ್ರ ಸಿದ್ಧವಾಯಿತು. ಅಡುಗೆಮನೆಯ ಕಿಟಕಿಗೆ ಒಂದು ಮೈಕು. ಅಲ್ಲಿಂದ ವೈರು ದೇವರ ಗೂಡನ್ನು ಬಳಸಿ ಹಾಲ್‌ನಲ್ಲಿದ್ದ ಕಂಪ್ಯೂಟರಿಗೆ. ಕುಕ್ಕರ್ ಕೂಗಿದಾಗಲೆಲ್ಲ ಪರದೆಯ ಮೇಲೆ ಅಂಕಿ ಏರಬೇಕು, ಸ್ಪೀಕರಿನಲ್ಲಿ ಮೃತ್ಯುಂಜಯನದೇ ಗಂಭೀರ ಧ್ವನಿ, "ಒಂದು ವಿಷಲ್ ಆಗಿದೆ" ಎಂದು ಸಾರಬೇಕು.

"ಇದಕ್ಕೆ ಹೆಸರೇನ್ರೀ?" ಎಂದು ಕೇಳಿದಳು ಅಕ್ಷತಾ. ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುವ ಅವಳಿಗೆ ಎಣಿಕೆಗೆ ಇಷ್ಟೆಲ್ಲ ಸಾಮಾನು ಬೇಕೆಂಬುದು ಹೊಸ ವಿಷಯ.

"ಕೂಗುಗಣಕ. ವರ್ಷನ್ ಒಂದು."

"ಕೂಗುಮಾರಿ ಅನ್ನಿ. ನಮ್ಮಜ್ಜಿ ಹೇಳೋರು, ಕೂಗುಮಾರಿ ಮನೆ ಬಾಗ್ಲಿಗೆ ಬಂದು ಹೆಸರು ಹಿಡಿದು ಕೂಗುತ್ತಂತೆ. ಅದನ್ನ ವಾಪಸ್ ಕಳಿಸೋಕೆ ಬಾಗ್ಲ ಮೇಲೆ 'ನಾಳೆ ಬಾ' ಅಂತ ಬರೀತಿದ್ರಂತೆ. ಅದು ದಿನಾ ಓದ್ಕೊಂಡು ದಿನಾ ವಾಪಸ್ ಹೋಗ್ತಿತ್ತಂತೆ. ನಾನೂ ಬರೆದುಬುಡ್ತೀನಿ ನೋಡಿ."

"ವಿಜ್ಞಾನಕ್ಕೆ ಮೊದಲಿಂದ್ಲೂ ಮನೆಯವರದೇ ಅಡ್ಡಿ" ಎಂದು ಮೃತ್ಯುಂಜಯ ನಿಟ್ಟುಸಿರು ಬಿಟ್ಟ.

ಮೊದಲ ಪ್ರಯೋಗದಲ್ಲಿ ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ಎರಡು ಮನೆಗಳ ಅಡುಗೆಮನೆ ಕಿಟಕಿಗಳು ಎದುರುಬದುರು, ನಡುವೆ ಎರಡು ಮಾರು ಜಾಗ. ಬಸಮ್ಮನ ಮನೆಯ ಹತ್ತು ಲೀಟರಿನ ಕುಕ್ಕರು ದಪ್ಪ ಗಂಟಲಿನಲ್ಲಿ ಘುರ್ರೆಂದದ್ದನ್ನೂ ಯಂತ್ರ ಇವರ ಲೆಕ್ಕಕ್ಕೇ ಜಮೆ ಮಾಡಿಕೊಂಡಿತ್ತು. ಮೃತ್ಯುಂಜಯ ಎದೆಗುಂದಲಿಲ್ಲ. ಮೂರು ದಿನ ಕಿಟಕಿಯಲ್ಲಿ ಮೈಕು ಹಿಡಿದು ನಿಂತು, ಆ ದಪ್ಪ ಕೂಗನ್ನು ಕಂಪ್ಯೂಟರಿಗೆ ಚೆನ್ನಾಗಿ ಪರಿಚಯ ಮಾಡಿಸಿ, "ಇದು ಕೇಳಿಸಿದರೆ ಕಿವಿಗೆ ಹಾಕಿಕೊಳ್ಳಬೇಡ" ಎಂದು ಕಲಿಸಿದ. ಆ ಸಾಧನೆಯನ್ನು ಹೆಂಡತಿಗೆ ಅರ್ಧ ಗಂಟೆ ವಿವರಿಸಿದ. ಅವಳು ಮೊದಲ ಒಂದು ನಿಮಿಷ ಕೇಳಿಸಿಕೊಂಡಳು.

ಉಳಿದ ಒಂದೇ ತೊಡಕು ಬಸಮ್ಮನ ಗಂಟಲು. ಹನ್ನೊಂದು ವರ್ಷದಿಂದ ಆಕೆ ಹಿತ್ತಲ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಾ ಎರಡೂ ಮನೆಯ ವಿಷಲ್ ಎಣಿಸುತ್ತಿದ್ದರು. ಯಾವ ಕುಕ್ಕರು ಯಾರದು ಎಂದು ಕೂಗಿನಲ್ಲೇ ಗೊತ್ತು. "ಅಕ್ಷತಾ, ಮೂರಾಯ್ತು ಕಣವ್ವಾ" ಎಂದರೆ ಅಕ್ಷತಾ ಎಲ್ಲಿದ್ದರೂ ಬಂದು ಒಲೆ ಆರಿಸುತ್ತಿದ್ದಳು. ಈಗ ಆ "ಕಣವ್ವಾ" ಎಂಬ ರಾಗವನ್ನು ಯಂತ್ರ ನಾಲ್ಕನೆಯ ವಿಷಲ್ ಎಂದು ಎಣಿಸತೊಡಗಿತು.

ವಿಜ್ಞಾನ ಕೈಬಿಟ್ಟಲ್ಲಿ ಕಾನೂನು ಕೈಹಿಡಿಯುತ್ತದೆ ಎಂಬುದು ಮೃತ್ಯುಂಜಯನ ಸಿದ್ಧಾಂತ. ಅಕ್ಷತಾ ಪಾಠಕ್ಕೆ ಹೋಗಿದ್ದ ಹೊತ್ತು ನೋಡಿ ಒಂದು ನೋಟೀಸು ತಯಾರಿಸಿ, ಪ್ರಿಂಟ್ ತೆಗೆದು, ಪಕ್ಕದ ಮನೆಯ ಗೇಟಿಗೆ ಸಿಕ್ಕಿಸಿ ಬಂದ. ಅದರ ಒಕ್ಕಣೆ ಹೀಗಿತ್ತು: "ನಮ್ಮ ಮನೆಯ ಕುಕ್ಕರಿನ ಕೂಗು ನಮ್ಮ ಖಾಸಗಿ ವಿಷಯ. ಅದನ್ನು ನೆರೆಯವರು ಎಣಿಸುವುದಾಗಲಿ, ಎಣಿಸಿದ್ದನ್ನು ಬಾಯಿಬಿಟ್ಟು ಪ್ರಕಟಪಡಿಸುವುದಾಗಲಿ ಇಂದಿನಿಂದ ಮಾಡಕೂಡದು. ತಪ್ಪಿದಲ್ಲಿ ಶಬ್ದಮಾಲಿನ್ಯದ ಕಾನೂನಿನ ಪ್ರಕಾರ ಮುಂದಿನ ಕ್ರಮ."

ಬಸಮ್ಮನ ಯಜಮಾನರು ಚನ್ನಬಸವಯ್ಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಮೂವತ್ತನಾಲ್ಕು ವರ್ಷ ಊರವರಿಗೆಲ್ಲ ನೋಟೀಸು ಕಳಿಸಿದ ಕೈ ಅದು. ತಮ್ಮ ಹೆಸರಿಗೇ ಒಂದು ಬಂದದ್ದು ಇದೇ ಮೊದಲು. ಅದನ್ನು ಎರಡು ಸಲ ಓದಿ, ಶಾಯಿ ಪೆನ್ನಿನಲ್ಲಿ ಉತ್ತರ ಬರೆದರು: "ಸದರಿ ನೋಟೀಸು ತಲುಪಿತು. ಸದರಿ ಮನೆಯ ಕುಕ್ಕರು ಎಷ್ಟೇ ಸಲ ಕೂಗಿದಾಗ್ಯೂ ನಮ್ಮ ಕುಟುಂಬದವರು ತುಟಿಪಿಟಕ್ಕೆನ್ನತಕ್ಕದ್ದಲ್ಲವೆಂದು ಒಪ್ಪಿರುತ್ತೇವೆ. ಮುಂದಿನ ಕಷ್ಟನಷ್ಟಗಳಿಗೆ ತಾವೇ ಜವಾಬ್ದಾರರು."

ಮೃತ್ಯುಂಜಯನ ಕಣ್ಣಿಗೆ ಬಿದ್ದದ್ದು "ಒಪ್ಪಿರುತ್ತೇವೆ" ಎಂಬುದು ಮಾತ್ರ.

ನಾಲ್ಕು ದಿನ ಯಂತ್ರ ಚಾಚೂ ತಪ್ಪದೆ ಎಣಿಸಿತು. ಬಸಮ್ಮನ ದನಿ ಕೇಳಿಸದಿದ್ದದ್ದಕ್ಕೆ ಅಕ್ಷತಾ, ಪಾಪ ಗಂಟಲು ಕಟ್ಟಿರಬೇಕು ಎಂದುಕೊಂಡಳು. ಮೃತ್ಯುಂಜಯ ಧೈರ್ಯ ಮಾಡಿ ಷಡಕ್ಷರಿಯವರನ್ನು ಭಾನುವಾರ ಊಟಕ್ಕೆ ಕರೆದ. "ಸರ್, ಊಟದ ಜೊತೆ ಒಂದು ಸಾಫ್ಟ್‌ವೇರೂ ತೋರಿಸ್ತೀನಿ" ಎಂದ. "ಏನು ಊಟ?" ಎಂದು ಕೇಳಿದರು ಷಡಕ್ಷರಿ. ಬಿಸಿಬೇಳೆಬಾತ್ ಎಂದ ಮೇಲೆ ಒಪ್ಪಿದರು.

ಬಿಸಿಬೇಳೆಬಾತಿನ ಎದುರು ಷಡಕ್ಷರಿಯವರು ಕೂತರೆ ನಾಲ್ಕು ಆಳು ಕೂತಂತೆ ಎಂದು ಕಾರ್ಖಾನೆಯಲ್ಲಿ ಪ್ರತೀತಿ. ಮನೆಯ ಪುಟ್ಟ ಕುಕ್ಕರು ಸಾಲದೆಂದು ಅಕ್ಷತಾ ಭಾನುವಾರ ಬೆಳಿಗ್ಗೆ, ಗಂಡ ಸ್ನಾನದಲ್ಲಿದ್ದಾಗ, ಹಿತ್ತಲಿಂದ ಹೋಗಿ ಬಸಮ್ಮನ ಹತ್ತು ಲೀಟರಿನ ಕುಕ್ಕರನ್ನು ಕೇಳಿ ತಂದಳು. ಹನ್ನೊಂದು ವರ್ಷದಲ್ಲಿ ಆ ಕುಕ್ಕರು ಕಾಂಪೌಂಡು ದಾಟಿದ್ದು ಇದು ಹತ್ತನೆಯ ಸಲವೋ ಹನ್ನೆರಡನೆಯ ಸಲವೋ. ನೋಟೀಸಿನ ವಿಷಯ ಬಸಮ್ಮನ ನಾಲಿಗೆ ತುದಿಗೆ ಬಂದಿತ್ತು. ಯಜಮಾನರು ಪಕ್ಕದಲ್ಲೇ ನಿಂತಿದ್ದರಿಂದ ನುಂಗಿಕೊಂಡರು.

ಷಡಕ್ಷರಿಯವರು ಹನ್ನೆರಡೂವರೆಗೇ ಬಂದರು. ಅಕ್ಕಿ, ಬೇಳೆ, ತರಕಾರಿ ಎಲ್ಲ ಆಗಲೇ ಒಲೆಯ ಮೇಲಿತ್ತು. ಬೂಂದಿ ತರುವುದು ಮರೆತಿದ್ದು ಅಕ್ಷತಾಗೆ ಆಗ ನೆನಪಾಯಿತು. ಬೂಂದಿಯಿಲ್ಲದ ಬಿಸಿಬೇಳೆಬಾತನ್ನು ಮ್ಯಾನೇಜರಿಗೆ ಬಡಿಸುವುದುಂಟೇ?

"ರೀ, ಅಂಗಡಿಗೆ ಹೋಗಿ ಬಂದ್ಬುಡ್ತೀನಿ. ನಾಲ್ಕು ವಿಷಲ್. ನಿಮ್ಮ ಮೆಷೀನು ನೋಡ್ಕೊಳುತ್ತೆ ತಾನೇ?"

"ನೀನು ನಿಶ್ಚಿಂತೆಯಿಂದ ಹೋಗು" ಎಂದ ಮೃತ್ಯುಂಜಯ, ಸಾಹೇಬರಿಗೆ ಕೇಳಿಸುವಂತೆ.

ಪರದೆಯ ಮೇಲೆ ದೊಡ್ಡದೊಂದು ಸೊನ್ನೆ ಹೊಳೆಯುತ್ತಿತ್ತು. ಐದು ನಿಮಿಷದ ಮೇಲೆ ಘುರ್ರೆಂದು ಒಂದು ದಪ್ಪ ಕೂಗು ಕೇಳಿಸಿತು. ಷಡಕ್ಷರಿ ಕಿವಿ ನಿಮಿರಿಸಿದರು.

"ಅದು ಪಕ್ಕದ ಮನೇದು ಸರ್" ಎಂದ ಮೃತ್ಯುಂಜಯ. "ಅದರ ಗಂಟಲು ನನಗೆ ಚೆನ್ನಾಗಿ ಗೊತ್ತು. ನೋಡಿ, ಸ್ಕ್ರೀನ್ ಮೇಲೆ ಸೊನ್ನೆ ಅಲ್ಲಾಡಿಲ್ಲ. ಬೇಡದ್ದನ್ನ ಕೇಳಿಸ್ಕೊಳ್ಳದೇ ಇರೋದೇ ನಿಜವಾದ ಬುದ್ಧಿ ಸರ್."

"ಭೇಷ್" ಎಂದರು ಷಡಕ್ಷರಿ.

ಎರಡು, ಮೂರು, ನಾಲ್ಕು, ಐದು. ಪ್ರತಿ ಕೂಗಿಗೂ ಮೃತ್ಯುಂಜಯ ಸೊನ್ನೆಯನ್ನು ಬೆರಳಿಟ್ಟು ತೋರಿಸಿದ. ಎಂಟನೆಯದಕ್ಕೆ ಷಡಕ್ಷರಿಯವರ ಹೊಟ್ಟೆ ಮಾತಾಡಿತು. "ಅಲ್ರೀ, ನಿಮ್ಮನೇದು ಇನ್ನೂ ಒಂದು ಸಲಾನೂ ಕೂಗ್ಲಿಲ್ವಲ್ಲ?"

"ಮೈಸೂರು ಸಮುದ್ರಮಟ್ಟಕ್ಕಿಂತ ಎರಡೂವರೆ ಸಾವಿರ ಅಡಿ ಎತ್ತರ ಸರ್. ಇಲ್ಲಿ ನೀರು ಕುದಿಯೋ ಲೆಕ್ಕವೇ ಬೇರೆ."

"ಪಕ್ಕದ ಮನೆಯೂ ಮೈಸೂರಲ್ಲೇ ಇದೆಯಲ್ರೀ."

ಮೃತ್ಯುಂಜಯ ಕರವಸ್ತ್ರ ತೆಗೆದು ಪರದೆಯ ಮೇಲಿನ ಧೂಳು ಒರೆಸತೊಡಗಿದ. ಇನ್ನೂ ಏಳೆಂಟು ಸಲ ಕೇಳಿಸಿದ ಮೇಲೆ ದಪ್ಪ ಕೂಗು ನಿಂತೇಹೋಯಿತು, ಸೀದ ವಾಸನೆ ತೇಲಿಬಂತು. ಮೃತ್ಯುಂಜಯ ಮರುಕದಿಂದ ತಲೆಯಾಡಿಸಿದ. "ಪಾಪ, ಅವರ ಅನ್ನ ಸೀದೋಯ್ತು ಸರ್. ಸಾಫ್ಟ್‌ವೇರ್ ಇಲ್ಲದ ಮನೆ ನೋಡಿ. ಒಂದ್ಮಾತು ಹೇಳ್ಬುಟ್ಟು ಬರ್ತೀನಿ. ನೆರೆಹೊರೆ ಅಂದ್ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?"

ಮನೆ ಸುತ್ತಿ ಹಿತ್ತಲಿಗೆ ಹೊರಟವನ ಹಿಂದೆಯೇ ಷಡಕ್ಷರಿಯವರೂ ಬಂದರು. ಕಾಂಪೌಂಡಿನ ಆಚೆ, ಮೆಟ್ಟಿಲ ಮೇಲೆ ಬಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು. ಎರಡು ಕೈಯ ಬೆರಳೂ ಮಡಚಿದ್ದವು. ಕಣ್ಣು ಮಾತ್ರ ಏನೋ ಹೇಳಲು ಒದ್ದಾಡುತ್ತಿದ್ದವು. ಪಕ್ಕದಲ್ಲಿ ಚನ್ನಬಸವಯ್ಯ, ಕೈಯಲ್ಲಿ ಮಡಚಿದ ಕಾಗದ.

"ಚನ್ನಬಸವಯ್ಯನೋರೇ, ನಿಮ್ಮ ಕುಕ್ಕರ್ ಸೀದೋಗ್ತಾ ಇದೆ. ಮನೇಲಿ ಎಣಿಸೋರು ಯಾರೂ ಇಲ್ವೇ?"

"ಇದಾರೆ. ಎಣಿಸಿದ್ದನ್ನ ಬಾಯಿಬಿಟ್ಟು ಹೇಳಕೂಡದು ಅಂತ ನೋಟೀಸಾಗಿದೆ."

"ಅದು ನಮ್ಮ ಕುಕ್ಕರಿಗೆ ಸ್ವಾಮಿ. ನಾನು ಹೇಳ್ತಿರೋದು ನಿಮ್ಮದರ ವಿಷಯ."

ಚನ್ನಬಸವಯ್ಯ ಕನ್ನಡಕ ಸರಿಮಾಡಿಕೊಂಡರು. "ಕುಕ್ಕರ್ ನಮ್ದೇ ಕಣಪ್ಪ. ಒಲೆ ನಿಮ್ದು."

ಮೃತ್ಯುಂಜಯನಿಗೆ ಈ ವಾಕ್ಯ ಅರ್ಥವಾಗುವ ಮೊದಲೇ ಅಡುಗೆಮನೆಯಲ್ಲಿ ಸೇಫ್ಟಿ ವಾಲ್ವ್ ಢಬ್ಬೆಂದು ಹಾರಿತು. ಒಳಗಿನ ಬೇಳೆಯಲ್ಲಿ ಅರ್ಧ ಛಾವಣಿಗೆ ಹಳದಿ ಬಳಿಯಿತು. ಮರುಗಳಿಗೆಯಲ್ಲಿ ಹಾಲ್‌ನಿಂದ ಅವನದೇ ಗಂಭೀರ ಧ್ವನಿ ಮೊಳಗಿತು: "ಒಂದು ವಿಷಲ್ ಆಗಿದೆ."

ಅವನು ಓಡಿಹೋಗಿ ಒಲೆ ಆರಿಸಿದ. ಕಂಪ್ಯೂಟರ್ ಸೆಕ್ಷನ್ನು ಆ ಹೊಗೆಯ ಜೊತೆ ಕಿಟಕಿಯಿಂದ ಹೊರಟುಹೋದದ್ದು ಅವನಿಗೆ ಕಣ್ಣಾರೆ ಕಂಡಿತು. ನಿಜ ಹೇಳಬೇಕೆಂದರೆ ಅಳುವೇ ಬಂತು.

ಹೊರಗೆ ಬಸಮ್ಮ ಯಜಮಾನರನ್ನು ಕೇಳುತ್ತಿದ್ದರು. "ಈಗ ಮಾತಾಡ್ಬೋದಾ?"

"ಆಡು. ಎಣಿಸೋಕೆ ಇನ್ನೇನೂ ಉಳಿದಿಲ್ಲ."

ಕಟ್ಟೆ ಒಡೆಯಿತು. "ಹದಿನಾರು ಕಣಪ್ಪಾ! ಹದ್ನೇಳನೇದು ಅರ್ಧ ಕೂಗಿ ನಿಂತೋಯ್ತು. ನಾಲ್ಕಕ್ಕೇ ನನ್ ಜೀವ ಬಾಯಿಗೆ ಬಂದಿತ್ತು. ಐದು ದಿನದಿಂದ ಬಾಯಿ ಕಟ್ಕೊಂಡು ನಂಗೆ ಉಂಡನ್ನ ಮೈಗೆ ಹತ್ತಿಲ್ಲ ಕಣಪ್ಪ."

ಬೂಂದಿ ಪೊಟ್ಟಣ ಹಿಡಿದು ಬಂದ ಅಕ್ಷತಾ ಮೊದಲು ಛಾವಣಿ ನೋಡಿದಳು, ಆಮೇಲೆ ಚನ್ನಬಸವಯ್ಯನವರ ಕೈಯಿಂದ ನೋಟೀಸು ಇಸಿದುಕೊಂಡು ಓದಿದಳು. ಅದನ್ನು ಮಡಚಿ ವಾಪಸು ಕೊಟ್ಟು, ಪೊಟ್ಟಣವನ್ನು ಗಂಡನ ಕೈಗಿಟ್ಟಳು. ಅವಳು ಬೈದಿದ್ದರೇ ವಾಸಿಯಿತ್ತು ಎಂದು ಮೃತ್ಯುಂಜಯನಿಗೆ ಅನ್ನಿಸಿತು.

ಊಟ ಪಕ್ಕದ ಮನೆಯಲ್ಲಾಯಿತು. ಕುಕ್ಕರು ಕೊಟ್ಟುಬಿಟ್ಟಿದ್ದರಿಂದ ಬಸಮ್ಮ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿದ್ದರು. ಷಡಕ್ಷರಿಯವರು ಏಳು ರೊಟ್ಟಿ ತಿಂದು, ಬೂಂದಿಯನ್ನೂ ಮುಗಿಸಿ, ಕೈತೊಳೆಯುತ್ತಾ ಕೇಳಿದರು. "ಅಲ್ರೀ ಮೃತ್ಯುಂಜಯ, ಹನ್ನೊಂದು ವರ್ಷದಿಂದ ತಪ್ಪದೆ ಎಣಿಸೋರು ಪಕ್ಕದಲ್ಲೇ ಇದಾರೆ. ಒಂದಿನ ಆದ್ರೂ ಅವರನ್ನ, ಹೇಗೆ ಎಣಿಸ್ತೀರಾ ಅಂತ ಕೇಳಿದ್ರಾ?"

"ಇಲ್ಲ ಸರ್."

"ಸೆಕ್ಷನ್ ನಿಮಗೇ ಕೊಡ್ತೀನಿ. ನಿರಂಜನ್ ಹತ್ರ ಡಿಪ್ಲೊಮಾ ಇದೆ, ಹೀಗೆ ಸೀದ ಅನುಭವ ಇಲ್ಲ. ಆದ್ರೆ ಮೊದಲ ಒಂದು ತಿಂಗಳು ಕಂಪ್ಯೂಟರ್ ಮುಟ್ಟೋ ಹಾಗಿಲ್ಲ. ಬಾಯ್ಲರ್ ಹತ್ರ ಸಣ್ಣಮಾದಯ್ಯ ಇದಾನಲ್ಲ, ಇಪ್ಪತ್ತು ವರ್ಷದಿಂದ ಸದ್ದು ಕೇಳೇ ಎಲ್ಲಾ ಹೇಳ್ತಾನೆ. ಅವನ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ. ಅವನಿಗೂ ನೋಟೀಸ್ ಗೀಟೀಸ್ ಕೊಟ್ಬುಟ್ಟೀರಿ ಮತ್ತೆ."

ಮೃತ್ಯುಂಜಯನಿಗೆ ಹೋದ ಜೀವ ಬಂದಂತಾಯಿತು. ಬಸಮ್ಮನ ಎದುರು ಕೈಮುಗಿದು ತಪ್ಪಾಯಿತೆಂದ. ಬಸಮ್ಮ ಅಲ್ಲೇ ಕ್ಷಮಿಸಿದರು. ಚನ್ನಬಸವಯ್ಯ ಮಾತ್ರ, ಕೊಟ್ಟ ನೋಟೀಸನ್ನು ಬಾಯಿಮಾತಿನಲ್ಲಿ ವಾಪಸು ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು, ಅವನನ್ನು ಕೂರಿಸಿಕೊಂಡು ಒಂದು ಪುಟ ಬರೆಸಿ ರುಜು ಹಾಕಿಸಿಕೊಂಡರು. ಅದರಲ್ಲಿ "ಸದರಿ" ಎಂಬ ಪದ ಹದಿನಾರು ಸಲ ಇತ್ತು.

ಸಂಜೆಯ ಹೊತ್ತಿಗೆ ಮೃತ್ಯುಂಜಯ ಮೊದಲಿನಂತಾದ. ತಲೆಯಲ್ಲಿ ಆಗಲೇ ವರ್ಷನ್ ಎರಡು ಓಡಾಡುತ್ತಿತ್ತು. ಎಲ್ಲ ಕುಕ್ಕರಿಗೂ ಒಂದೊಂದು ಗುರುತು, ಮೈಕಿನ ಜೊತೆಗೆ ಬಸಮ್ಮನವರ ಸಲಹೆಯೂ ಸೇರಿದರೆ ಇಡೀ ಬೀದಿಯ ಅಡುಗೆಯನ್ನೇ ಒಂದು ಕಂಪ್ಯೂಟರಿನಿಂದ ನಡೆಸಬಹುದು. ಈ ಸಂತೋಷವನ್ನು ಹೆಂಡತಿಗೆ ಹೇಳಬೇಕೆಂದು ಅಡುಗೆಮನೆಗೆ ಧಾವಿಸಿದ.

ಬಾಗಿಲು ಮುಚ್ಚಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ, ಗಣಿತದ ಮೇಡಮ್ಮನವರ ದುಂಡನೆಯ ಅಕ್ಷರದಲ್ಲಿ, "ನಾಳೆ ಬಾ" ಎಂದು ಬರೆದಿತ್ತು.

ಮೃತ್ಯುಂಜಯ ಕಾನೂನಿಗೆ ತಲೆಬಾಗುವ ಮನುಷ್ಯ. ಆ ರಾತ್ರಿ ಹಾಲ್‌ನಲ್ಲೇ ಕೂತು ಬಾಳೆಹಣ್ಣು ತಿಂದು ಮಲಗಿ, ಮರುದಿನ ಬೆಳಿಗ್ಗೆ ಮತ್ತೆ ಹೋದ. ಅಕ್ಷರ ಅಳಿಸಿರಲಿಲ್ಲ.