ವಾಸನೆ ತಿನ್ನುವ ಗೋಡೆ

ನನ್ನ ವಿದ್ಯೆ ಕಾಲೇಜಿನಲ್ಲಿ ಹುಲಿ. ಮನೆ ಹೊಸ್ತಿಲ ಬಳಿ ಬಂದರೆ ಚಪ್ಪಲಿಯ ಜೊತೆ ಹೊರಗೇ ಉಳಿದುಬಿಡುತ್ತದೆ. ಲೋಹದ ಆಕ್ಸೈಡುಗಳ ಮೇಲೆ ಬೆಳಕು ಬಿದ್ದಾಗ ಅನಿಲಗಳು ಹೇಗೆ ಉತ್ಕರ್ಷಣಗೊಳ್ಳುತ್ತವೆ ಎಂದು ಆರು ವರ್ಷ ತಲೆ ಕೆಡಿಸಿಕೊಂಡು ಡಾಕ್ಟರ್ ಆದವನು ನಾನು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಈ ಡಾಕ್ಟರನ ಬಳಿ ಕೆಮ್ಮಿಗೆ ಔಷಧಿ ಕೇಳಿದವರೇ ಹೆಚ್ಚು.

ನಮ್ಮ ತೊಂದರೆ ವಾಸನೆಯದು. ಹಿತ್ತಲಿಗೆ ಅಂಟಿಕೊಂಡೇ ರೇಷ್ಮೆ ನೂಲು ತೆಗೆಯುವ ಮನೆ. ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿದ ಹುಳದ ರಾಶಿಯ ಘಾಟು ನೇರ ನಮ್ಮ ನಡುಮನೆಗೆ. ಯಳಂದೂರಿನಿಂದ ತಿಂಗಳಿರಲೆಂದು ಬಂದ ಅತ್ತೆ ಎರಡನೇ ದಿನಕ್ಕೇ ಸೆರಗನ್ನು ಮೂಗಿಗೊತ್ತಿಕೊಂಡು ಬಸ್ಸು ಹತ್ತಿದರು. ಹೆಂಡತಿ ಸುಮಿತ್ರ ಮಗ್ಗದ ಮುಂದೆ ಕೂತು ಕಣ್ಣೊರೆಸಿಕೊಳ್ಳುವುದನ್ನು ನೋಡಲಾಗದೆ, "ಮುಂದಿನ ಸಲ ನಿಮ್ಮಮ್ಮ ತಿಂಗಳು ಪೂರ್ತಿ ಇರ್ತಾರೆ, ಇದು ನನ್ನ ಮಾತು" ಎಂದುಬಿಟ್ಟೆ. ವಾಸನೆ ತಿನ್ನುವ ಗೋಡೆ ಮಾಡುತ್ತೇನೆಂದು ಅತ್ತೆಗೂ ಫೋನು ಮಾಡಿ ಕೊಚ್ಚಿಕೊಂಡೆ.

ಟೈಟಾನಿಯಂ ಆಕ್ಸೈಡಿನ ಬಿಳಿ ಪುಡಿ ತಂದು, ಕಲಸಿ, ಕಿಟಕಿಯ ಎದುರಿನ ಗೋಡೆಗೆ ಬಳಿದೆ. ಬಿಸಿಲು ಬಿದ್ದರೆ ಸಾಕು, ಅದು ವಾಸನೆಯ ಅನಿಲವನ್ನು ಗಾಳಿಯ ಆಮ್ಲಜನಕದೊಂದಿಗೆ ಕೂಡಿಸಿ ಕಥೆ ಮುಗಿಸುತ್ತದೆ. ಕತ್ತಲಲ್ಲಿ ಮಾತ್ರ ಬರೀ ಸುಣ್ಣದ ಗೋಡೆ. ಇಷ್ಟನ್ನು ಸುಮಿತ್ರಳಿಗೆ ಹೇಳಬೇಕೆಂದು ತೋಚಲಿಲ್ಲ. ಹತ್ತು ದಿನ ಮೂಗು ಅರಳಿಸಿಕೊಂಡು ಓಡಾಡಿದೆ. ವಾಸನೆ ಕಿಂಚಿತ್ತೂ ಜಗ್ಗಲಿಲ್ಲ.

ಒಂದು ಮಧ್ಯಾಹ್ನ ಬೇಗ ಬಂದು ನೋಡಿದರೆ ಕಿಟಕಿಗೆ ದಪ್ಪ ಜಮಖಾನ!

"ಇದ್ಯಾಕೆ?" ಎಂದೆ.

"ಮಗ್ಗದ ಮ್ಯಾಲೆ ಬಿಸ್ಲು ಬಿದ್ರೆ ಸೀರೆ ಬಣ್ಣ ಓಯ್ತದೆ ಕಣ್ರಿ. ನೇಯೋರ ಮನೇಲಿ ಕಿಟ್ಕಿ ತೆಗ್ದು ಮಡಗ್ತಾರಾ? ನೀವು ಕಾಲೇಜಿಗೆ ಒಂಟ ಮ್ಯಾಲೆ ದಿನಾ ಕಟ್ತೀನಿ."

ಬಿಸಿಲಿಗೆ ಬಣ್ಣ ಮಾಸುವುದೂ ಉತ್ಕರ್ಷಣವೇ. ನನ್ನ ಮಹಾಪ್ರಬಂಧದಲ್ಲಿ ಒಂದು ಅಧ್ಯಾಯ ಪೂರ್ತಿ ಅದೇ ಇದೆ. ಆರು ವರ್ಷ ಓದಿದವನಿಗೆ ಹೊಳೆಯದ್ದನ್ನು ಅವಳು ಒಂದು ಜಮಖಾನ ಕಟ್ಟಿ ಮುಗಿಸಿದ್ದಳು. ನಾಚಿಕೆಯಾಯಿತು.

"ನಿಮ್ ಗೋಡೆ ಇರ್ಲಿ ಬುಡಿ" ಎಂದು ಅವಳೇ ಹಿತ್ತಲ ಬಾಗಿಲಿಂದ ಹೋಗಿ ನೂಲಿನ ಮನೆಯವರೊಡನೆ ಮಾತಾಡಿ ಬಂದಳು. ಮಾರನೆಯ ದಿನದಿಂದ ಹುಳದ ರಾಶಿ ಅಂದಂದೇ ಖಾಲಿ. ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲವಂತೆ.

ಅತ್ತೆ ಬಂದರು. ಮೂರು ವಾರವಾದರೂ ಸೆರಗು ಮೂಗಿನ ಕಡೆ ಹೋಗಿಲ್ಲ. ನಿನ್ನೆ ಗೋಡೆ ಸವರಿ, "ಫೋನ್ನಲ್ಲಿ ಯೋಳಿದ್ರಲ್ಲ, ಇದೇಯಾ ವಾಸ್ನೆ ತಿನ್ನೋ ಗೋಡೆ? ನಮ್ಮ ಅಳಿಯಂದ್ರು ಸುಮ್ ಸುಮ್ನೆ ಡಾಕ್ಟ್ರು ಆಗಿಲ್ಲ ಕಣವ್ವ!" ಎಂದರು. ಸುಮಿತ್ರ ಲಾಳಿ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ನಿಜ ಹೇಳಿಬಿಡೋಣವೆಂದು ಎದ್ದೆ. ಎದ್ದವನು, "ಸೀರೆಗೆ ಬಿಸಿಲು ಬೀಳ್ತಿದೆ" ಎನ್ನುತ್ತ ಮೇಲೆ ಸುತ್ತಿಟ್ಟಿದ್ದ ಜಮಖಾನವನ್ನು ಕಿಟಕಿಗೆ ಇಳಿಬಿಟ್ಟೆ, ನನ್ನ ಮುಖ ಯಾರಿಗೂ ಕಾಣದಷ್ಟು ಕತ್ತಲಾಗುವಂತೆ.